ಚೀನಾ ಸಿನಿಮಾ ಮತ್ತು ಪುಳಿಯೋಗರೆ ಚೀಲ

ಆಗೆಲ್ಲ ದಿಲ್ಲಿಯ ಕನ್ನಡದ ಮನೆಗಳಲ್ಲಿ ಸಿನಿಮಾಕ್ಕೆ ಹೊರಡುವುದು ಅಂದರೆ ಮೊದಲು ಒಲೆ ಹಚ್ಚುವುದು. ಬೆಳಗಿನಿಂದಲೇ ಪುಳಿಯೋಗರೆಯ ಗೊಜ್ಜು ಕುದಿಯುತ್ತಿತ್ತು. ಇಂಗು, ಎಳ್ಳು, ಬೆಲ್ಲದ ವಾಸನೆ ಲಿಫ್ಟಿನವರೆಗೂ ಹೋಗಿ ಎದುರು ಫ್ಲ್ಯಾಟಿನ ಆಂಟಿ, "ಆಜ್ ಕಹಾಂ ಜಾ ರಹೇ ಹೋ?" ಎಂದು ಕೇಳುತ್ತಿದ್ದರು. ಮೃಗಾಲಯಕ್ಕೂ ಬುತ್ತಿ, ಕುತುಬ್ ಮಿನಾರಿಗೂ ಬುತ್ತಿ, ಸಿನಿಮಾಕ್ಕೂ ಬುತ್ತಿ. ಹಳೇ ಟಾಕೀಸುಗಳಲ್ಲಿ ಯಾರೂ ತಡೆಯುತ್ತಿರಲಿಲ್ಲ. ಕತ್ತಲಲ್ಲಿ ಚಕ್ಕುಲಿ ಮುರಿದ ಸದ್ದಾದರೆ ಆ ಸಾಲಿನಲ್ಲಿ ನಮ್ಮವರು ಯಾರೋ ಇದ್ದಾರೆ ಅಂತಲೇ ಲೆಕ್ಕ.

ಇದನ್ನು ಓದುವವರಲ್ಲಿ ಬಹಳ ಮಂದಿ ಅಂಥ ಬುತ್ತಿ ಉಂಡವರೇ. ನಿಮಗೆ ಅದು ಸಿಹಿ ನೆನಪಿರಬಹುದು. ನನಗಲ್ಲ.

ನಾವು ದಿಲ್ಲಿಯ ದ್ವಾರಕಾದಲ್ಲಿ ದೊಡ್ಡಪ್ಪನ ಫ್ಲ್ಯಾಟಿನಲ್ಲಿದ್ದೆವು. ಫ್ಲ್ಯಾಟಿನಲ್ಲಿ ಅಂದರೆ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ. ದೊಡ್ಡಪ್ಪ ಕೇಂದ್ರ ಸರ್ಕಾರದಲ್ಲಿ ಆಫೀಸರು. ಅಪ್ಪ ಅವರ ಮಾತು ನಂಬಿ ದಿಲ್ಲಿಗೆ ಬಂದು ಯಾವುದೋ ಕಂಪನಿಯಲ್ಲಿ ಡ್ರೈವರಾದವನು. ಮನೆಗೆ ಯಾರೇ ಬಂದರೂ ದೊಡ್ಡಮ್ಮ, "ಇವರು ನಮ್ಮ ಮೈದುನನ ಫ್ಯಾಮಿಲಿ, ಪಾಪ, ನಮ್ಮ ಜೊತೆಗೇ ಇಟ್ಕೊಂಡಿದೀವಿ" ಅನ್ನುತ್ತಿದ್ದರು. ಆ 'ಪಾಪ' ಕೇಳಿ ಕೇಳಿಯೇ ನಾನು ಬೆಳೆದದ್ದು.

ಆ ಬೇಸಿಗೆ ಬಸ್ ಸ್ಟಾಪಿನಲ್ಲಿ ಒಂದು ಚೀನಾ ಸಿನಿಮಾದ ಪೋಸ್ಟರ್ ಅಂಟಿಸಿದ್ದರು. ಒಬ್ಬಳು ಹುಡುಗಿ, ಕೈಯಲ್ಲಿ ಕತ್ತಿ, ಕಾಲ ಕೆಳಗೆ ನೆಲವೇ ಇಲ್ಲ. ಲೂ ಬಿಸಿಗಾಳಿ ಬೀಸುವ ಮಧ್ಯಾಹ್ನದಲ್ಲೂ ನಾನು ಅದರ ಮುಂದೆ ನಿಂತಿರುತ್ತಿದ್ದೆ. ಸೊಸೈಟಿಯ ಜನರೇಟರ್ ಕೋಣೆಯ ಮೇಲಿನಿಂದ ಅಮ್ಮನ ಹಳೇ ಸೀರೆ ಬೆನ್ನಿಗೆ ಕಟ್ಟಿಕೊಂಡು ಮರಳ ರಾಶಿಗೆ ಹಾರುವುದೇ ನಮ್ಮ ಆಟ. ಎಲ್ಲರಿಗಿಂತ ದೂರ ಹಾರುತ್ತಿದ್ದವನು ನಾನೇ. ದೊಡ್ಡಪ್ಪನ ಮಗ ವಿನಯನಿಗೆ ಹಾರಲು ಭಯ. "ತೂ ತೋ ಪಾಗಲ್ ಹೈ ಯಾರ್" ಅಂದು ಕೆಳಗೇ ನಿಲ್ಲುತ್ತಿದ್ದ. ಆದರೆ ಸಿನಿಮಾಕ್ಕೆ ಹೋಗುವುದು ಅಂತಾದದ್ದು ಅವನ ಹುಟ್ಟುಹಬ್ಬಕ್ಕೆ. ಎಲ್ಲರೂ ಬನ್ನಿ ಅಂದರು ದೊಡ್ಡಪ್ಪ. ಆ ವಾರವೆಲ್ಲ ನನಗೆ ನೆಟ್ಟಗೆ ನಿದ್ದೆ ಬರಲಿಲ್ಲ.

ಅಮ್ಮ ಬರಲಿಲ್ಲ. ನೀರಿನ ಟ್ಯಾಂಕರ್ ಯಾವ ಹೊತ್ತಿಗೆ ಬರುತ್ತದೋ ಹೇಳುವಂತಿರಲಿಲ್ಲ, ಬಕೆಟ್ ಹಿಡಿಯಲು ಯಾರಾದರೂ ಮನೆಯಲ್ಲಿರಬೇಕು. ಆ ಯಾರಾದರೂ ಅಂದರೆ ಯಾವಾಗಲೂ ಅಮ್ಮನೇ.

ದೊಡ್ಡಪ್ಪ ಕರೆದುಕೊಂಡು ಹೋದದ್ದು ಹಳೇ ಟಾಕೀಸಿಗಲ್ಲ, ಹೊಸದಾಗಿ ಎದ್ದಿದ್ದ ಮಾಲಿನೊಳಗಿನ ಹಾಲಿಗೆ. ಗಾಜಿನ ಬಾಗಿಲು, ಮೈ ನಡುಗಿಸುವ ತಂಪು, ಬೆಣ್ಣೆ ಕರಗಿದ ಪಾಪ್‌ಕಾರ್ನ್ ವಾಸನೆ. ದೊಡ್ಡಮ್ಮ ಯಥಾಪ್ರಕಾರ ಬುತ್ತಿ ಕಟ್ಟಿದ್ದರು. ಚೀಲ ನನ್ನ ಹೆಗಲಲ್ಲಿತ್ತು. ಗಾರ್ಡ್ ಅದನ್ನು ಬಿಚ್ಚಿಸಿ, ಡಬ್ಬಿಯ ಮುಚ್ಚಳ ತೆಗೆದು, ಮೂಗು ಸಿಂಡರಿಸಿದ.

"ಯೇ ಸಬ್ ಅಂದರ್ ನಹೀ ಜಾಯೇಗಾ ಸರ್."

"ಇಲ್ಲೇ ಇಟ್ಟು ಹೋಗೋಣ ಬಿಡಿ" ಅಂದರು ದೊಡ್ಡಮ್ಮ. ಅದಕ್ಕೂ ಗಾರ್ಡ್ ಒಪ್ಪಲಿಲ್ಲ. ವಾರಸುದಾರರಿಲ್ಲದ ಚೀಲ ಕಂಡರೆ ಪೊಲೀಸರನ್ನು ಕರೆಯಬೇಕಾಗುತ್ತದೆ ಅಂದ. ದಿಲ್ಲಿಯಲ್ಲಿ ಬಸ್ಸಿನ ಸೀಟಿನ ಬೆನ್ನಿಗೆಲ್ಲ ಅದನ್ನೇ ಬರೆದಿರುತ್ತಿದ್ದರಲ್ಲ, ಬಾಂಬ್ ಇರಬಹುದು ಅಂತ. ಕಸದ ಬುಟ್ಟಿಗೆ ಹಾಕಿ ಅಂದದ್ದಕ್ಕೆ ದೊಡ್ಡಮ್ಮ, "ಅನ್ನ ಎಸೀತಾರೇನ್ರೀ?" ಎಂದು ಕನ್ನಡದಲ್ಲೇ ಅವನ ಮೇಲೆ ಹರಿಹಾಯ್ದರು.

ಅಷ್ಟರಲ್ಲಿ ನಮ್ಮ ಹಿಂದೆ ದೊಡ್ಡಪ್ಪನ ಆಫೀಸಿನ ಸಾಹೇಬರು, ಪಂಜಾಬಿ, ಹೆಂಡತಿ ಮಗಳ ಸಮೇತ ಬಂದು ನಿಂತರು. ದೊಡ್ಡಪ್ಪನ ಮುಖದ ಬಣ್ಣವೇ ಬದಲಾಯಿತು. ಗಾರ್ಡಿನ ಕಡೆ ತಿರುಗಿ, "ಹಮಾರಾ ನಹೀ ಹೈ ಭಾಯ್. ಇಸ್ ಲಡ್ಕೇ ಕಾ ಹೈ" ಅಂದರು. ನಮ್ಮದಲ್ಲ, ಈ ಹುಡುಗನದು. ಆಮೇಲೆ ಬಗ್ಗಿ ನನ್ನ ಕಿವಿಯಲ್ಲಿ, "ಗಲಾಟೆ ಮಾಡ್ಬೇಡ ಮರಿ. ಚೀಲ ಹಿಡ್ಕೊಂಡು ಇಲ್ಲೇ ಕೂತಿರು. ಇಂಟರ್ವಲ್ಲಿನಲ್ಲಿ ನೋಡೋಣ."

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕೈಯಲ್ಲಿದ್ದ ಟಿಕೆಟ್ ನೋಡುತ್ತಿದ್ದ.

"ದೊಡ್ಡಪ್ಪ ಹೇಳಿದ ಹಾಗೆ ಕೇಳು" ಅಂದ.

ಎಲ್ಲರೂ ಒಳಗೆ ಹೋದರು. ಮೆಟ್ಟಿಲ ಮೇಲೆ ಕೂತೆ. ಒಳಗಿಂದ ನಗಾರಿಯ ಸದ್ದು, ಕತ್ತಿಗೆ ಕತ್ತಿ ತಾಗಿದ ಸದ್ದು, ಜನ 'ಓಹ್' ಎಂದು ಉಸಿರೆಳೆದ ಸದ್ದು. ಗೋಡೆಗೆ ಕಿವಿ ಇಟ್ಟರೆ ಕುದುರೆಗಳ ಓಟವೂ ಕೇಳುತ್ತಿತ್ತು. ಗಾರ್ಡ್ ಹತ್ತಿರ ಬಂದು, "ಕ್ಯಾ ಲಾಯಾ ಹೈ, ಇಮ್ಲೀ ವಾಲಾ ಚಾವಲ್?" ಹುಣಸೆಹುಳಿ ಅನ್ನವಾ ಅಂತ ನಕ್ಕ. ಮುಚ್ಚಳ ಒತ್ತಿ ಹಾಕಿದೆ. ಹಸಿವಾಗಿತ್ತು. ಒಂದು ಅಗುಳೂ ಮುಟ್ಟಲಿಲ್ಲ.

ಇಂಟರ್ವಲ್ಲಿಗೆ ಬಾಗಿಲು ತೆರೆದಾಗ ಮೊದಲು ಬಂದವರು ಆ ಸಾಹೇಬರು. ನನ್ನನ್ನು ನೋಡಿ ನಿಂತರು.

"ಬೇಟಾ, ಅಕೇಲೇ ಬೈಠೇ ಹೋ? ಕಿಸ್ಕೇ ಸಾಥ್ ಆಯೇ?" ಒಬ್ಬನೇ ಕೂತಿದ್ದೀಯಲ್ಲ, ಯಾರ ಜೊತೆ ಬಂದೆ ಅಂತ.

ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹಿಂದಿಯಲ್ಲಿ ಹೇಳಿದೆ: ಆಗ ಬಾಗಿಲಲ್ಲಿ ನಿಮ್ಮ ಮುಂದಿದ್ದರಲ್ಲ ನಿಮ್ಮ ಆಫೀಸಿನವರು, ಅವರು ನನ್ನ ದೊಡ್ಡಪ್ಪ. ಈ ಊಟ ಅವರದು. ನನ್ನದು ಅಂತ ಸುಳ್ಳು ಹೇಳಿ ನನ್ನನ್ನು ಹೊರಗೆ ಕೂರಿಸಿದ್ದಾರೆ.

ದೊಡ್ಡಪ್ಪ ಅವರ ಬೆನ್ನ ಹಿಂದೆಯೇ ಇದ್ದರು, ವಿನಯನ ಕೈ ಹಿಡಿದುಕೊಂಡು. ಸಾಹೇಬರು ಒಮ್ಮೆ ತಿರುಗಿ ನೋಡಿ, "ಅಚ್ಛಾ" ಅಂದು ಮುಂದೆ ಹೋದರು. ಅಷ್ಟೇ.

"ನೋಡಿದ್ಯಾ ನಿನ್ನ ಮಗನ್ನ?" ದೊಡ್ಡಪ್ಪ ಹಲ್ಲು ಕಚ್ಚಿ ಅಪ್ಪನಿಗೆ ಅಂದರು. "ಇದಕ್ಕೇನಾ ನಿಮ್ಮನ್ನ ಮನೇಲಿ ಇಟ್ಕೊಂಡಿರೋದು?"

ಅಪ್ಪ ನನ್ನ ಹೆಗಲಿನ ಚೀಲ ತೆಗೆದುಕೊಂಡ. ತನ್ನ ಟಿಕೆಟ್ಟಿನ ಚೂರು ನನ್ನ ಕೈಗಿಟ್ಟು, "ಹೋಗು, ನೋಡು" ಅಂದ. ನಾನು ಕೂತಿದ್ದ ಮೆಟ್ಟಿಲ ಮೇಲೆಯೇ ಕೂತ. ಅದನ್ನು ಪ್ರೀತಿ ಅಂತ ಎಣಿಸಲು ನಾನು ತಯಾರಿರಲಿಲ್ಲ. ಬಾಯಿ ತೆರೆಯಬೇಕಾದ ಹೊತ್ತಿನಲ್ಲಿ ತೆರೆಯದವನು ಈಗ ಟಿಕೆಟ್ ಕೊಟ್ಟರೆ ಏನು ಬಂತು?

ಒಳಗೆ ಹೋದೆ. ಪರದೆಯ ತುಂಬ ಒಂದು ಬಣ್ಣಗಾರರ ಅಂಗಳ. ಬಿದಿರ ಗಳುಗಳ ಮೇಲೆ ನೀಲಿ ಬಟ್ಟೆಗಳು, ಆಕಾಶದಿಂದ ಇಳಿಬಿಟ್ಟ ಹಾಗೆ, ನೀರು ತೊಟ್ಟಿಕ್ಕುತ್ತಿವೆ. ಪೋಸ್ಟರಿನ ಹುಡುಗಿ ಅವುಗಳ ನಡುವೆ ಓಡುತ್ತಿದ್ದಾಳೆ. ಬೆನ್ನು ಹತ್ತಿದ ಮುದುಕನ ಕತ್ತಿ ಬೀಸಿದಲ್ಲೆಲ್ಲ ಬಟ್ಟೆ ಸೀಳಿ ಬಿಸಿಲು ಒಳಗೆ ಬರುತ್ತದೆ. ಒಂದು ತೊಟ್ಟು ನೀಲಿ ನೀರು ಕತ್ತಿಯ ತುದಿಗೆ ಬಂದು ನಿಂತದ್ದು ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳು ಯಾರು, ಆ ಮುದುಕ ಅವಳಿಗೆ ಏನು ಮಾಡಿದ್ದ, ಕೊನೆಗೆ ಅವನನ್ನು ಕೊಲ್ಲದೆ ಅವಳು ಅತ್ತದ್ದು ಯಾಕೆ, ಒಂದೂ ತಿಳಿಯಲಿಲ್ಲ. ಅವರ ಮಾತು ಚೀನೀ. ಕೆಳಗೆ ಓಡುವ ಇಂಗ್ಲಿಷ್ ಓದುವಷ್ಟರಲ್ಲಿ ಮಾಯ. ವಿನಯನನ್ನು ಕೇಳಿದರೆ, "ಚುಪ್ ಬೈಠ್" ಅಂದ. ಅಷ್ಟು ಚೆಂದದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಅಂಥದ್ದನ್ನು ಇವರ ಪಕ್ಕದಲ್ಲಿ ಕೂತು ನೋಡಬೇಕಾಯಿತಲ್ಲ ಅಂತ ಮೈಯೆಲ್ಲ ಉರಿಯುತ್ತಿತ್ತು.

ಮಳೆಗಾಲ ಮುಗಿಯುವುದರೊಳಗೆ ನಾವು ಆ ಕೋಣೆ ಬಿಟ್ಟು ಗಾಜಿಯಾಬಾದಿನ ಕಡೆ ಬಂದೆವು. ಸ್ಕೂಲು ದೂರವಾಯಿತು. ಒಂಬತ್ತನೇ ಕ್ಲಾಸಿಗೆ ಬಿಟ್ಟು ಮೆಕ್ಯಾನಿಕ್ಕಿನ ಪಾನಾ ಹಿಡಿದೆ. ಈಗ ಇಂದಿರಾಪುರಂನಲ್ಲಿ ನನ್ನದೇ ಎ.ಸಿ. ಸರ್ವಿಸಿನ ಅಂಗಡಿ ಇದೆ. ಅಮ್ಮ ಕಲಿಸಿದ ಕನ್ನಡದಲ್ಲೇ ಇದನ್ನು ಬರೆಯುತ್ತಿದ್ದೇನೆ. ಯಾರ ಹಿಂದಿನ ಕೋಣೆಯಲ್ಲೂ ನಾನಿಲ್ಲ. ಅವತ್ತು ಆಡಿದ ಮಾತನ್ನು ಇವತ್ತು ಬೇಕಾದರೂ ಆಡುತ್ತೇನೆ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ದೊಡ್ಡಪ್ಪ, "ಆಗ ಎಲ್ಲಾ ಒಟ್ಟಿಗೆ ಸಿನಿಮಾಕ್ಕೆ ಹೋಗ್ತಿದ್ವಿ, ಏನು ಚೆನ್ನಾಗಿತ್ತು" ಅನ್ನುತ್ತಾರೆ. "ನೀವೆಲ್ಲ ಹೋಗ್ತಿದ್ರಿ ದೊಡ್ಡಪ್ಪ, ನಾನು ಬಾಗಿಲಲ್ಲಿ ಇರ್ತಿದ್ದೆ" ಅನ್ನುತ್ತೇನೆ. ಆಗ ಅವರಿಗೆ ಕಿವಿ ಕೇಳಿಸುವುದಿಲ್ಲ.

ಅಪ್ಪ ನನ್ನ ಜೊತೆ ಮತ್ತೆ ಸಿನಿಮಾಕ್ಕೆ ಬರಲಿಲ್ಲ. ಒಮ್ಮೆ, ನನಗೆ ಮೀಸೆ ಬಂದ ಮೇಲೆ, ಚಳಿಗಾಲದ ಬಿಸಿಲಿಗೆ ಕೂತು ಕಡಲೆಕಾಯಿ ಸುಲಿಯುತ್ತಾ ತಾನಾಗಿಯೇ ಶುರು ಮಾಡಿದ: "ಆ ಸಿನಿಮಾದ ಮೊದಲಿಗೆ ಒಂದು ಬಿಳೀ ಕುದುರೆ ಬರುತ್ತೆ ಕಣೋ. ಅದರ ಮೇಲೆ ಆ ಹುಡುಗಿ, ಇನ್ನೂ ಚಿಕ್ಕವಳು, ಅವರಪ್ಪನ ಜೊತೆ..."

"ಈಗ ಯಾಕೆ ಅದೆಲ್ಲ?" ಅಂದೆ. ಅಪ್ಪ ಸಿಪ್ಪೆ ಗುಡಿಸಿಕೊಂಡು ಎದ್ದ. ಮತ್ತೆ ಆ ಮಾತು ಎತ್ತಲಿಲ್ಲ.

ಅಪ್ಪ ಹೋಗಿ ಎರಡು ಚಳಿಗಾಲ ಆಯಿತು. ಮೊನ್ನೆ ನನ್ನ ಮಗಳು ಫೋನಿನಲ್ಲಿ ಆ ಸಿನಿಮಾ ಹುಡುಕಿ, "ಪಪ್ಪಾ, ಪೂರಾ ಹೈ, ಶುರೂ ಸೇ ಲಗಾವೂಂ?" ಅಂದಳು. ಪೂರ್ತಿ ಇದೆ, ಮೊದಲಿಂದ ಹಾಕಲಾ ಅಂತ.

ಬೇಡ ಅಂದೆ. ಮೊದಲರ್ಧ ನೋಡಿದ್ದವನು ಅಪ್ಪ. ಅದನ್ನು ಅವನ ಬಾಯಿಂದಲೇ ಕೇಳಬೇಕಿತ್ತು.