ಬುಟ್ಟಿಯೆಲ್ಲ ಬಿಟ್ಟಿಯಾದ ಮಧ್ಯಾಹ್ನ

ಓದುಗರಿಗೆ ನಮಸ್ಕಾರ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೇ ಮದುವೆಯಾದ ಮೇಲೆ. ಟೈಪಿಂಗ್ ಕೂಡ ನಿಧಾನ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಳೆದ ವರ್ಷ ಚನ್ನಪಟ್ಟಣದ ಡಿಟಿಪಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಮಾಗಡಿ ಕಡೆಯ ಬಿದಿರು ಕೆಲಸದ ಹೆಂಗಸರ ಸಂಘವೊಂದು ತಮ್ಮ ಅನುಭವಗಳ ಪುಸ್ತಕ ತರುತ್ತಿತ್ತು. ಅವರ ಮಾತನ್ನು ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿದ್ದೆ, ಒಬ್ಬೊಬ್ಬರಿಗೆ ಒಂದೊಂದು ಫೈಲು. ಒಟ್ಟು ಅರವತ್ತರ ಮೇಲಾಗಿತ್ತು. ಪುಸ್ತಕ ನೋಡಿಕೊಳ್ಳುತ್ತಿದ್ದ ದೊಡ್ಡಮಳೂರಿನ ನಿವೃತ್ತ ಮೇಷ್ಟ್ರು, ‘ಐತೆ’ಯನ್ನು ‘ಇದೆ’, ‘ಬುಟ್ಟೆ’ಯನ್ನು ‘ಬಿಟ್ಟೆ’ ಮಾಡಿ ಎಲ್ಲವನ್ನೂ ಬರಹದ ಕನ್ನಡಕ್ಕೆ ತರಲು ಹೇಳಿದರು.

ಒಂದೊಂದೇ ಫೈಲು ತೆರೆದು ತಿದ್ದುತ್ತ ಕೂತರೆ ವಾರ ಹಿಡಿಯುತ್ತಿತ್ತು. ಅದಕ್ಕೆ ಸ್ಕ್ರಿಪ್ಟ್ ಬರೆದೆ. ಸ್ಕ್ರಿಪ್ಟ್ ಅಂದರೆ, ಮಾಡಬೇಕಾದ ಕೆಲಸವನ್ನು ಕಂಪ್ಯೂಟರಿಗೆ ಸಾಲು ಸಾಲಾಗಿ ಬರೆದುಕೊಡುವುದು. ಬುಟ್ಟೆ, ಬುಟ್ಟು, ಬುಟ್ಟಳು ಎಲ್ಲಕ್ಕೂ ಒಂದೇ ಸಾಲು ಸಾಕು ಅನ್ನಿಸಿತು: ‘ಬುಟ್ಟ’ ಇರುವಲ್ಲೆಲ್ಲ ‘ಬಿಟ್ಟ’ ಹಾಕು. ಒಂದು ಗುಟುಕು ಕಾಫಿ ಕುಡಿಯುವಷ್ಟರಲ್ಲಿ ಎಲ್ಲ ಫೈಲೂ ಮುಗಿದವು.

ಅವತ್ತೇ ಸಂಜೆ ಫೈಲುಗಳು ಪ್ರೆಸ್ಸಿಗೆ ಹೋಗಬೇಕಿತ್ತು. ಮಧ್ಯಾಹ್ನ ಸಂಘದ ಗಿರಿಜಕ್ಕ ತಮ್ಮ ಭಾಗ ಕೇಳಲು ಬಂದರು. ಓದಿದೆ: “ಬಿಟ್ಟಿ ಹೆಣೆದು ಹೆಣೆದೇ ಮಕ್ಕಳನ್ನು ಓದಿಸಿದೆ.”

“ಏನಂದೆ? ಇನ್ನೊಂದ್ಸಲ ಓದು.”

ಓದಿದೆ.

“ಬಿಟ್ಟಿ ಹೆಣೆಯಕ್ಕೆ ನಂಗೇನ್ ಹುಚ್ಚಾ ಸಿದ್ರಾಜಣ್ಣ? ಸಂತೇಲಿ ಒಂದ್ ಪುಕ್ಕಟೆ ಕೊಡಕ್ಕ ಅನ್ನೋರೇ ಜಾಸ್ತಿ. ಇದ್ನ ಓದ್ಬುಟ್ರೆ, ನೀನೇ ಹೇಳಿದ್ದೀಯಲ್ಲ ಅಂತ ಎತ್ಕೊಂಡೇ ಹೋಯ್ತಾರೆ!” ನಕ್ಕರು. ನಗು ನಿಲ್ಲಿಸಿ, “ನಮ್ಮಾವ ಜೀವಮಾನವೆಲ್ಲ ಬಿಟ್ಟಿ ದುಡ್ದ. ಅದ್ನೂ ಬರ್ಸಿವ್ನಿ. ನನ್ನೂ ಆ ಸಾಲ್ಗೆ ಸೇರಿಸ್ಬ್ಯಾಡ ಕಣಣ್ಣ” ಅಂದರು.

ಬೇರೆ ಫೈಲುಗಳನ್ನೂ ತೆರೆದು ನೋಡಿದೆ. ‘ಬುಟ್ಟಿ’ಯೊಳಗೂ ‘ಬುಟ್ಟ’ ಇದೆಯಲ್ಲ! ಎಲ್ಲ ಫೈಲಿನ ಬುಟ್ಟಿಗಳೂ ಬಿಟ್ಟಿಯಾಗಿದ್ದವು. ಬಿಟ್ಟಿಯನ್ನೆಲ್ಲ ತಿರುಗಿ ಬುಟ್ಟಿ ಮಾಡಿದರೆ, ಆ ಮಾವನ ಬಿಟ್ಟಿ ದುಡಿಮೆಯೂ ಬುಟ್ಟಿಯಾಗಿಬಿಡುತ್ತದೆ. ತಿದ್ದುವ ಮೊದಲಿನ ಪ್ರತಿ ನನ್ನ ಹತ್ತಿರ ಇರಲಿಲ್ಲ. ಮೇಷ್ಟ್ರಿಗೆ ಓದಲು ಕೊಟ್ಟಿದ್ದ ಪೆನ್‌ಡ್ರೈವಿನಲ್ಲಿ ಇರಬಹುದಿತ್ತು, ಅವರು ಅಳಿಸಿರದಿದ್ದರೆ. ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

“ಐತೆ ಕಣಯ್ಯ, ಭದ್ರವಾಗೈತೆ. ಯಾಕಂಗ್ ನಡುಗ್ತೀಯ?”

“ಮೇಷ್ಟ್ರೇ, ‘ಇದೆ’ ಅನ್ಬೇಕು!” ಎಂದು ಗಿರಿಜಕ್ಕ ಬಿದ್ದು ಬಿದ್ದು ನಕ್ಕರು.

ಮೇಷ್ಟ್ರು ಸ್ಕೂಟರಿನಲ್ಲಿ ಪೆನ್‌ಡ್ರೈವ್ ತಂದುಕೊಟ್ಟರು. ಈ ಸಲ ‘ಬುಟ್ಟಿ’ಯನ್ನು ಮುಟ್ಟಬೇಡ ಎಂದು ಬರೆಯಲು ಹೊರಟೆ. ಆದರೆ ‘ಮರ್ತುಬುಟ್ಟಿದ್ದೆ’ ಎಂಬಲ್ಲೂ ಬುಟ್ಟಿ ಕೂತಿತ್ತು. ಹಾಗಾಗಿ ‘ಬುಟ್ಟಿ’ ಬಂದ ಸಾಲನ್ನೆಲ್ಲ ತೋರಿಸಿ ನನ್ನನ್ನು ಕೇಳು ಎಂದು ಬರೆದೆ. ನಾನು ಗಟ್ಟಿಯಾಗಿ ಓದುವುದು, ಗಿರಿಜಕ್ಕ “ಹೆಣೆಯೋದು” ಅಥವಾ “ಬುಡೋದು” ಅನ್ನುವುದು, ನಾನು ಕೀಲಿ ಒತ್ತುವುದು. ಹೊತ್ತು ಮುಳುಗುವ ಮೊದಲೇ ಮುಗಿಯಿತು.

ಅವರ ಭಾಗವನ್ನು ಕೊನೆಗೊಮ್ಮೆ ಓದಿದೆ. “ಹ್ಞೂಂ, ಈಗ ನಾನು ಹೇಳಿದಂಗೇ ಐತೆ. ಕಳ್ಸು” ಅಂದರು.

ಕಂಪ್ಯೂಟರ್ ಅಕ್ಷರ ಹೊಂದಿಸಿ ನೋಡುತ್ತದೆ, ಅರ್ಥ ನೋಡುವ ಕೆಲಸ ನಮ್ಮದೇ. ಮೂಲ ಪ್ರತಿ ಬೇರೆ ಇಡದೆ, ಬದಲಾಗುವ ಸಾಲನ್ನು ಕಣ್ಣಾರೆ ಓದದೆ ಈಗ ನಾನು ಯಾವ ಸ್ಕ್ರಿಪ್ಟನ್ನೂ ಓಡಿಸುವುದಿಲ್ಲ. ನಿಮ್ಮ ಕೆಲಸದಲ್ಲೂ ಒಂದು ಕೊಂಬು ಗುಡಿಸಾಗಿ ಹೀಗೆ ಫಜೀತಿಯಾಗಿದ್ದರೆ ದಯವಿಟ್ಟು ಬರೆಯಿರಿ, ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.