ಸಣ್ಣ ಎ.ಸಿ.ಯ ಮೊದಲ ಬೇಸಿಗೆ

ಕಮಲಾಪುರದ ಆ ಆಫೀಸಿಗೆ ಎಷ್ಟು ಟನ್ನಿನ ಎ.ಸಿ. ಸಾಕು ಎಂದು ಬರೆದುಕೊಟ್ಟವಳು ನಾನು. ಕೆಳಗಿನ ಸಹಿಯೂ ನನ್ನದೇ. ಆ ವರ್ಷ ಬೇಸಿಗೆ ಶುರುವಾದಾಗಿನಿಂದ ಫೋನ್ ಬಂದಾಗಲೆಲ್ಲ ಕಮಲಾಪುರದ ನಂಬರೇ ಎಂದು ಮೊದಲು ನೋಡುತ್ತಿದ್ದೆ.

ನಾನು ಎಂಜಿನಿಯರು. ಕಟ್ಟಡಗಳಿಗೆ ಗಾಳಿ, ತಂಪಿನ ವ್ಯವಸ್ಥೆ ಮಾಡಿಕೊಡುವುದು ನನ್ನ ಕೆಲಸ. ಕಲಬುರಗಿಯ ಐವಾನ್-ಎ-ಶಾಹಿ ಕಡೆ ಬಾಡಿಗೆಯ ಎರಡು ಕೋಣೆಯಲ್ಲಿ ನನ್ನ ಕಚೇರಿ. ಅಲ್ಲಿಯವರೆಗೆ ಮಾಡಿದ್ದು ಬಟ್ಟೆ ಅಂಗಡಿ, ಮದುವೆ ಹಾಲ್‌ಗಳ ಕೆಲಸ. ಅಲ್ಲಿ ಎಲ್ಲರದೂ ಒಂದೇ ಮಾತು, ದೊಡ್ಡದು ಹಾಕಿ. ಕಮಲಾಪುರದ ರೈತರ ಸಂಘವೊಂದು ಮಾತ್ರ ಬೇರೆ ಆಸೆ ಇಟ್ಟುಕೊಂಡು ಬಂತು. ಅವರು ಹೊಸ ಆಫೀಸು ಕಟ್ಟಿಸುತ್ತಿದ್ದರು. ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿ, ಹಗಲಿನ ಕರೆಂಟನ್ನೆಲ್ಲ ಅದರಿಂದಲೇ ತೆಗೆಯಬೇಕು, ಎ.ಸಿ.ಯೂ ಅದರ ಮೇಲೆಯೇ ಓಡಬೇಕು ಎಂಬುದು ಅವರ ಹಟ. ಹಟ ಅಂದರೆ ಮುಖ್ಯವಾಗಿ ಸಂಘದ ಕಾರ್ಯದರ್ಶಿಯದು. ಐವತ್ತು ದಾಟಿದ, ಒಕ್ಕಲುತನದ ಮನೆಯ ಮನುಷ್ಯ. ಕಮಿಟಿಯ ಉಳಿದವರಿಗೆ ಇದರಲ್ಲಿ ಅರ್ಧ ನಂಬಿಕೆ ಮಾತ್ರ.

ಯಂತ್ರ ನೋಡಲು ನಾನೂ ಕಾರ್ಯದರ್ಶಿಯೂ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಯೊಂದಕ್ಕೆ ಹೋದೆವು. ಆಫೀಸಿನ ಹಾಲ್‌ನ ಅಳತೆ ಕೇಳಿದ ಕೂಡಲೇ ಅಂಗಡಿಯವನು ನನ್ನ ಲೆಕ್ಕದ ಹೆಚ್ಚುಕಡಿಮೆ ಎರಡರಷ್ಟು ಹೇಳಿದ.

"ಕಲಬುರಗಿ ಬ್ಯಾಸಿಗಿ ಅದರಿ ಸಾಹೇಬ್ರ. ಇದನ್ನ ಹಾಕ್ರಿ, ಮೇ ತಿಂಗಳದಾಗ ಮಂದಿ ಚಾದರ ಹೊದ್ಕೊಂಡು ಕೂಡ್ಬೇಕು. ಥಂಡಿ ದಿನದಾಗ ಬಿಸಿ ಗಾಳೀನೂ ಕೊಡ್ತದ."

"ಬಿಸಿ ಗಾಳಿ ನಮಗ ಪುಕ್ಕಟೆ ಸಿಗ್ತದಲ್ಲಪಾ," ಎಂದರು ಕಾರ್ಯದರ್ಶಿ.

ನಾನು ಅವರನ್ನು ಪಕ್ಕಕ್ಕೆ ಕರೆದು ತಿಳಿಸಿ ಹೇಳಿದೆ. ಮಾಳಿಗೆಗೆ ಶಾಖ ತಡೆಯುವ ಪದರ ಹಾಕಿ ಮೇಲೆ ಬಿಳಿ ಹೆಂಚು ಕೂರಿಸಿದರೆ, ಪಡುವಣ ಕಿಟಕಿಗಳಿಗೆ ನೆರಳು ಕೊಟ್ಟರೆ, ಒಳಗೆ ಫ್ಯಾನ್ ತಿರುಗುತ್ತಿದ್ದರೆ, ಸಣ್ಣ ಯಂತ್ರವೇ ಸಾಕು. ದೊಡ್ಡದು ತಂದರೆ ನಿಮ್ಮ ಸೋಲಾರ್ ಅದನ್ನು ಎಳೆಯುವುದಿಲ್ಲ. ಅವರು ಹೊರಗಿನ ಆಟೋಗಳ ಸಾಲಿನ ಮೇಲೆ ಕಣ್ಣಿಟ್ಟೇ ಹೇಳಿದರು.

"ನಿಮ್ಮ ಮಾತಿನ ಮ್ಯಾಲ ಹೋಗ್ತೀನ್ರಿ ಮೇಡಂ. ಆದ್ರ ಕಮಿಟಿ ಮುಂದ ನಿಲ್ಲಾಂವ ನಾನು. ನನ್ನ ಮಾರಿ ಉಳಸ್ರಿ."

ಅವರ ಮುಖ ಉಳಿಸಬೇಕು ಎಂಬ ಆ ಮಾತು ನನ್ನ ಬೆನ್ನಿಗೆ ಅಂಟಿಕೊಂಡಿತು. ಕಟ್ಟಡ ಮುಗಿಯುವವರೆಗೆ ನಾನು ಆ ಲೆಕ್ಕವನ್ನು ಎಷ್ಟು ಸಲ ಮಾಡಿದೆನೋ. ಗೋಡೆ, ಗಾಜು, ಮಾಳಿಗೆ, ಕಂಪ್ಯೂಟರು, ಒಳಗೆ ಕೂರುವ ಇಪ್ಪತ್ತೆರಡು ಜನ. ಪ್ರತಿ ಸಲವೂ ಅದೇ ಉತ್ತರ ಬರುತ್ತಿತ್ತು, ಪ್ರತಿ ಸಲವೂ ಏನೋ ಬಿಟ್ಟಿದ್ದೇನೆ ಅನ್ನಿಸುತ್ತಿತ್ತು. ಮಾಳಿಗೆಗೆ ಪದರ ಹಾಕುವ ಎರಡೂ ದಿನ ಬಿಸಿಲಲ್ಲಿ ಮೇಲೆಯೇ ನಿಂತಿದ್ದೆ. ಹೀಗೆ ಕಾವಲು ನಿಂತದ್ದಕ್ಕೆ ಗಾರೆ ಕೆಲಸದ ಗೌಂಡಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು.

ಹೊಸ ಆಫೀಸು ಶುರುವಾಗಿ ಏಪ್ರಿಲ್ ದೂರಿಲ್ಲದೆ ಕಳೆಯಿತು. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಕಾರ್ಯದರ್ಶಿಯ ಫೋನ್ ಬಂತು.

"ಮೇಡಂ, ಒಳಗ ತಂಪ ಆಗವಲ್ದು. ಮಷೀನ್ ಮುಂಜಾನಿಂದ ಒಂದೇ ಸವನ ಓಡಾಕತ್ತದ. ಊಟಾದ ಮ್ಯಾಲ ಮಂದಿ ಫೈಲ್ ತೊಗೊಂಡು ಗಾಳಿ ಬೀಸ್ಕೊಳ್ಳಾಕತ್ತಾರ. ಅಂಗಡಿಯವರು ಬಂದು ನೋಡಿದ್ರು, ಗ್ಯಾಸ್ ಬರೋಬರಿ ಅದ ಅಂದ್ರು. ಕಮಿಟಿಯವ್ರು ದೊಡ್ಡದು ತರ್ರಿ ಅನ್ನಾಕತ್ತಾರ."

"ನಾಳೆ ಬರ್ತೇನ್ರಿ," ಅಂದೆ. ಫೋನ್ ಇಟ್ಟ ಮೇಲೆ ಲೆಕ್ಕದ ಹಾಳೆಗಳನ್ನು ಹುಡುಕಿ ಚೀಲಕ್ಕೆ ಹಾಕಿಕೊಂಡೆ.

ಮರುದಿನ ಬಸ್ಸಿನಲ್ಲಿ ಕಮಲಾಪುರದವರೆಗೂ ಹಾಳೆಗಳನ್ನು ತೊಡೆಯ ಮೇಲೆ ಹರಡಿಕೊಂಡು ಮತ್ತೆ ತಪ್ಪು ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು, ಸಿಗದೆ ಇದ್ದದ್ದೇ ಹೆಚ್ಚು ಹೆದರಿಸಿತು.

ಹನ್ನೊಂದು ಗಂಟೆಗೆ ಹಾಲ್‌ನೊಳಗೆ ಕಾಲಿಟ್ಟಾಗ ತಂಪಾಗಿಯೇ ಇತ್ತು. ನಾನು ತಂದಿದ್ದ ಥರ್ಮಾಮೀಟರು ಇಪ್ಪತ್ತಾರು ತೋರಿಸಿತು. "ಈಗ ಛಲೋ ಅದರಿ. ಎರಡು ಗಂಟೆಕ್ಕ ನೋಡ್ರಿ," ಎಂದು ಕಾರ್ಯದರ್ಶಿ ತಮ್ಮ ಕೋಣೆಗೆ ಹೋದರು. ನಾನು ಹಾಲ್‌ನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹನ್ನೆರಡಕ್ಕೆ ಇಪ್ಪತ್ತೇಳು. ಒಂದಕ್ಕೆ ಇಪ್ಪತ್ತೊಂಬತ್ತು. ಒಂದೂವರೆಗೆ ಮೂವತ್ತೊಂದು. ಟೇಬಲ್ಲಿನ ಹಿಂದಿನ ಹೆಣ್ಣುಮಗಳೊಬ್ಬಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ.

ಸುಮ್ಮನೆ ಕೂರಲಾಗದೆ ಥರ್ಮಾಮೀಟರು ಹಿಡಿದು ಹಾಲ್‌ನ ತುಂಬ ಓಡಾಡಿದೆ. ನಡುವೆ ಇದ್ದದ್ದಕ್ಕಿಂತ ಮುಖ್ಯ ಬಾಗಿಲಿನ ಹತ್ತಿರ ಸೆಕೆ ಬಹಳ ಹೆಚ್ಚು. ನೋಡಿದರೆ, ತಾನೇ ಮುಚ್ಚಿಕೊಳ್ಳಬೇಕಾದ ಬಾಗಿಲಿಗೆ ಯಾರೋ ಹಾಸುಗಲ್ಲಿನ ತುಂಡೊಂದನ್ನು ಒತ್ತುಕೊಟ್ಟು ತೆರೆದಿಟ್ಟಿದ್ದರು. ನನಗೆ ಜೀವ ಬಂದಂತಾಯಿತು. ಕಲ್ಲು ಸರಿಸಿ ಬಾಗಿಲು ಮುಚ್ಚಿದೆ. ಹತ್ತು ನಿಮಿಷ ಬಿಟ್ಟು ತಿರುಗಿ ನೋಡಿದರೆ ಕಲ್ಲು ಮತ್ತೆ ಅಲ್ಲೇ ಇತ್ತು.

ಹೊರಗೆ ಬಂದೆ. ಬಿತ್ತನೆ ಬೀಜಕ್ಕೆ ಹೆಸರು ಬರೆಸಲು ಬಂದ ಜನ ಪಡಸಾಲೆಯ ತುಂಬ ಕೂತಿದ್ದರು. ಗಂಡಸರು, ಹೆಂಗಸರು, ಕೆಲವರು ಟವೆಲ್ಲನ್ನು ತಲೆಗೆ ಸುತ್ತಿಕೊಂಡೇ ತೂಕಡಿಸುತ್ತಿದ್ದರು. ಬಾಗಿಲಿಗೆ ಎಲ್ಲರಿಗಿಂತ ಹತ್ತಿರ, ಗೋಡೆಗೆ ಒರಗಿ ಕೂತಿದ್ದವರು ಆಫೀಸಿನ ಕಸ ಗುಡಿಸುವ ಹೆಂಗಸು, ನನ್ನ ತಾಯಿಯ ವಯಸ್ಸಿನವರು.

"ಈ ಕಲ್ಲು ನೀವ ಇಟ್ಟಿದ್ದೇನವ್ವಾ?"

"ನಾನ ಇಟ್ಟೀನ್ರಿ ಅಕ್ಕಾರೆ. ಒಳಗಿನವರೂ ಇಡ್ತಾರ. ಪಾಪ, ಮಂದಿ ಬಿಸಲಾಗ ಬಂದು ತಾಸುಗಟ್ಲೆ ಕೂಡ್ತಾರ. ಬಾಗಲಾ ಹಾಕಿದ್ರ ಆ ಡಬ್ಬಿ ಝಳ ಎಲ್ಲಾ ನಮ್ಮ ಮಾರಿಗೇ ಹೊಡೀತದ."

ಆಕೆ ತೋರಿಸಿದ ಕಡೆ ನೋಡಿದೆ. ಪಡಸಾಲೆಯ ತುದಿಯಲ್ಲಿ ಎ.ಸಿ.ಯ ಹೊರಗಿನ ಪೆಟ್ಟಿಗೆಗಳು ಸಾಲಾಗಿ ನಿಂತು, ಒಳಗಿನ ಶಾಖವನ್ನೆಲ್ಲ ಈ ಜನರ ಮೇಲೆ ಊದುತ್ತಿದ್ದವು. ಆ ಜಾಗ ತೋರಿಸಿದವಳು ನಾನೇ. ಪೆಟ್ಟಿಗೆಗಳಿಗೆ ನೆರಳು ಸಿಗುತ್ತದೆ, ಯಂತ್ರಕ್ಕೆ ಒಳ್ಳೆಯದು ಎಂದು. ನನ್ನ ನಕ್ಷೆಯಲ್ಲಿ ಪಡಸಾಲೆ ಖಾಲಿ ಇತ್ತು. ಒಳಗಿನ ಇಪ್ಪತ್ತೆರಡು ಜನರನ್ನು ಎಣಿಸಿದ್ದೆ, ಹೊರಗೆ ಒಬ್ಬರನ್ನೂ ಎಣಿಸಿರಲಿಲ್ಲ.

ಅಲ್ಲಿ ನಿಂತು ನಾನು ಏನು ಯೋಚಿಸಿದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಬಾಗಿಲು ಮುಚ್ಚಿರಬೇಕು ಎಂದು ಒಂದು ಬೋರ್ಡು ಹಾಕಿಸಿದರೆ ಮುಗಿಯಿತು. ನನ್ನ ಲೆಕ್ಕ ಸರಿ, ಕಲ್ಲಿಟ್ಟವರದು ತಪ್ಪು. ಯಾರೂ ನನ್ನನ್ನು ಕೇಳುವುದಿಲ್ಲ. ಆದರೆ ಅಷ್ಟು ಹೊತ್ತಿನಲ್ಲೇ ಆ ಝಳಕ್ಕೆ ನನ್ನ ಕಣ್ಣು ಉರಿಯತೊಡಗಿತ್ತು.

ಕಾರ್ಯದರ್ಶಿ ಹೊರಗೆ ಬಂದರು. "ಏನರೆ ಸಿಕ್ತೇನ್ರಿ?"

"ಮಷೀನ್ ಸರಿ ಅದರಿ. ತಪ್ಪು ನಂದು," ಎಂದು ಎಲ್ಲವನ್ನೂ ಹೇಳಿದೆ. ಅವರು ಪೆಟ್ಟಿಗೆಗಳ ಮುಂದೆ ಹೋಗಿ ಅಂಗೈ ಒಡ್ಡಿ ನಿಂತರು.

"ಕಮಿಟಿಗೆ ನಾ ಏನಂತ ಹೇಳ್ಲಿ ಈಗ?"

"ನೀವು ಹೇಳೂದು ಬ್ಯಾಡ. ನಾನ ಬಂದು ಹೇಳ್ತೇನಿ."

ಆ ವಾರದ ಕಮಿಟಿ ಸಭೆಗೆ ಹೋದೆ. ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಪೆಟ್ಟಿಗೆಗಳ ಜಾಗ ತೋರಿಸಿ ನನ್ನ ತಪ್ಪನ್ನು ಹೇಳಿದೆ. ಮುಗಿದ ಮೇಲೆ ಒಬ್ಬ ಹಿರಿಯರು, "ದೊಡ್ಡದು ಹಾಕಿದ್ರ ಬಾಗಲಾ ತೆರದ್ರೂ ನಡೀತಿತ್ತಿಲ್ಲೋ?" ಎಂದರು.

"ನಡೀತಿತ್ತೇನೋ ಯಜಮಾನ್ರ. ಆದ್ರ ಹೊರಗ ಕುಂತವರ ಮ್ಯಾಲ ಅಷ್ಟೇ ದೊಡ್ಡ ಝಳ ಬೀಳ್ತಿತ್ತು."

ಅವರು ನಕ್ಷೆಯನ್ನು ಪಕ್ಕದವರ ಕಡೆ ಸರಿಸಿದರು. ಒಪ್ಪಿದರೋ, ಬೇಸತ್ತರೋ ಗೊತ್ತಾಗಲಿಲ್ಲ, ಆದರೆ ಪೆಟ್ಟಿಗೆಗಳ ಜಾಗ ಬದಲಿಸಲು ಕಮಿಟಿ ಹೂಂ ಅಂದಿತು.

ಪೆಟ್ಟಿಗೆಗಳನ್ನು ಹಿಂದಿನ ಬಡಗಣ ಗೋಡೆಗೆ ಸಾಗಿಸಿ ಮೇಲೆ ಸಣ್ಣ ಚಪ್ಪರ ಹಾಕಿಸಿದೆವು. ಪಡಸಾಲೆಗೆ ಎ.ಸಿ. ಅಲ್ಲ, ನೀರಿನ ದೊಡ್ಡ ಕೂಲರ್ ಎರಡು ಆರಿಸಿದೆ. ನಮ್ಮ ಒಣ ಬೇಸಿಗೆಗೆ ಅದು ಹೇಳಿಮಾಡಿಸಿದ ಯಂತ್ರ, ಕರೆಂಟೂ ಕಡಿಮೆ. "ನೀರ ಯಾರು ತುಂಬವರ್ರಿ?" ಎಂದು ಕಸ ಗುಡಿಸುವ ಅವ್ವ ಮೊದಲೇ ಕೇಳಿದ್ದಕ್ಕೆ ನೀರಿನ ಟಾಕಿಯಿಂದ ನೇರ ಪೈಪು ಕೊಡಿಸಿದೆ. ಇದನ್ನೂ ನಾನಾಗಿಯೇ ಯೋಚಿಸಿರಲಿಲ್ಲ.

ನಂತರದ ನಾಲ್ಕು ದಿನ ಯಾರ ಫೋನೂ ಬರಲಿಲ್ಲ. ಮೌನ ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಐದನೆಯ ದಿನ ನಾನೇ ಮಾಡಿದೆ.

"ಒಳಗ ಛಲೋ ಅದರಿ, ಬಾಗಲಿಗೆ ಯಾರೂ ಕಲ್ಲ ಇಡವಲ್ರು," ಎಂದರು ಕಾರ್ಯದರ್ಶಿ. "ಹೊರಗಿಂದೇ ತ್ರಾಸ. ಕೆಲಸಾ ಮುಗದ್ರೂ ಮಂದಿ ಏಳವಲ್ರು."

ನಾನು ಎಷ್ಟೋ ದಿನಗಳ ಮೇಲೆ ನಕ್ಕೆ. ಆದರೂ ಜೂನಿನಲ್ಲಿ ಮೊದಲ ಮಳೆ ಬಿದ್ದ ದಿನ ಹೊಸ ಭಯ ಹಿಡಿಯಿತು. ಗಾಳಿಯಲ್ಲಿ ಪಸೆ ಏರಿದರೆ ಕೂಲರಿನ ನೀರು ತಂಪು ಕೊಡುವುದಿಲ್ಲ, ಮೈ ಅಂಟಂಟಾಗುತ್ತದೆ. ಅದನ್ನು ಅವರಿಗೆ ಹೇಳಲು ಮರೆತಿದ್ದೆ. ಗಡಿಬಿಡಿಯಲ್ಲಿ ಬಸ್ ಹತ್ತಿ ಹೋದೆ. ಪಡಸಾಲೆಯಲ್ಲಿ ಕೂಲರುಗಳು ಬರೀ ಫ್ಯಾನಿನಂತೆ ತಿರುಗುತ್ತಿದ್ದವು, ನೀರಿನ ನಲ್ಲಿ ಬಂದ್ ಆಗಿತ್ತು.

"ಯಾರು ಬಂದ್ ಮಾಡಿದ್ರವ್ವಾ?"

"ನಾನರಿ. ಮಳಿಗಾಲದಾಗ ಯಾಕ ಬೇಕ್ರಿ ನೀರು?" ಎಂದು ಆಕೆ ಕಸಬರಿಗೆ ಎತ್ತಿಕೊಂಡು ಒಳಗೆ ಹೋದರು.