ಬಾಣಂತಿ ಕೋಣೆಯ ನೀಲಿ ಗಾರೆ

ಕೆದಿಬೊನ್ಯೆಗೆ ಹೊಡೆತ ಹೊಸದಲ್ಲ. ಕುರುಮಾನ್ ಗುಡ್ಡದ ಗಣಿಯಿಂದ ಗಂಡಸರು ನೀಲಿ ಕಲ್ಲು ತಂದು ಸುರಿದರೆ, ಬಿಸಿಲಲ್ಲಿ ಕೂತು ಸುತ್ತಿಗೆಯಿಂದ ಕುಟ್ಟಿ ಆಸ್ಬೆಸ್ಟಾಸ್ ಎಂಬ ಕಲ್ನಾರು ಬಿಡಿಸುವುದು ಹೆಂಗಸರ ಪಾಲು. ಕೈ ನಿಧಾನವಾಯಿತೋ, ಮೇಸ್ತ್ರಿಯ ಚಾಟಿ ಬೆನ್ನ ಮೇಲೆ. ಒಂದು ದಿನ ಆ ಚಾಟಿ ಅವಳ ಬೆನ್ನಿಗೆ ಕಟ್ಟಿದ್ದ ಕೂಸು ಒಲೆಬಿಲೆಯ ಕಿವಿ ಹರಿಯಿತು. ಎದ್ದವಳೇ ಮೇಸ್ತ್ರಿಯ ಪಾದದ ಮೇಲೆ ಸುತ್ತಿಗೆ ಇಳಿಸಿದಳು. ಮೂಳೆ ಪುಡಿಯಾಯಿತು. ಜೈಲಿಗೆ ಹೋಗಿ ಬಂದಳು. ಆಮೇಲೆ ಊರ ಹೆಂಗಸರು ಅವಳ ಮಾತಿಗೆ ಎದುರಾಡಿದ್ದಿಲ್ಲ.

ಅನಾಹುತವಾದದ್ದು ಅದರಿಂದಲೇ. ಗಣಿಯ ಬಾಯಲ್ಲಿ ರಾಶಿ ಬಿದ್ದಿದ್ದ ನಾರಿನ ಪುಡಿಯನ್ನು ಸೆಗಣಿ ಮಣ್ಣಿಗೆ ಕಲಸಿ ಮೆತ್ತಿದರೆ ಗೋಡೆ ಬಿರುಕು ಬಿಡುವುದಿಲ್ಲವೆಂದು ಕಂಡುಕೊಂಡವಳು ಅವಳು. ಊರೆಲ್ಲ ಕಲಿತಿತು. ಗಣಿ ಮುಚ್ಚಿದರೂ ರಾಶಿ ಕರಗಲಿಲ್ಲ; ಪ್ರತಿ ಚಳಿಗಾಲ ಕಳೆದ ಮೇಲೆ ಹಳೆಯ ಗಾರೆ ಕೆರೆದು ಹೊಸದು ಮೆತ್ತುತ್ತಿದ್ದರು. ಆ ಧೂಳಲ್ಲೇ ಹೊರಳಾಡಿ ಬೆಳೆದ ಒಲೆಬಿಲೆ ಬಸ್ ಡ್ರೈವರಾದ. ಗಣಿಯೊಳಗೆ ಕಾಲಿಟ್ಟವನಲ್ಲ. ಆದರೂ ಪುಪ್ಪುಸದ ಹೊದಿಕೆಗೆ ಕ್ಯಾನ್ಸರ್ ಹಿಡಿಯಿತು. ಚಳಿಗಾಲಕ್ಕೆ ಮುಂಚೆಯೇ ಡಾಕ್ಟರು ತಾಯಿ ಮಗನನ್ನು ಕೂರಿಸಿಕೊಂಡು, ನಿಮ್ಮ ಮನೆ ಗೋಡೆಗೆ ಏನು ಮೆತ್ತಿದ್ದೀರಿ ಎಂದು ಕೇಳಿದರು. ಅದನ್ನು ಇಬ್ಬರೂ ಊರಿಗೆ ಹೇಳಲಿಲ್ಲ.

ಸಾವೂ ಸುಮ್ಮನೆ ಬರಲಿಲ್ಲ. ಉಸಿರಿಗಾಗಿ ಒದ್ದಾಡಿ, ಹೆಂಡತಿಯ ತೋಳು ಕಚ್ಚಿ ರಕ್ತ ಬರಿಸಿದ. ಕೊನೆಗೆ ತಾಯಿಯ ಕತ್ತು ಹಿಡಿದೆಳೆದು ಹೇಳಿದ: "ನನ್ನ ಹೆಣ ಈ ಮನೆಯೊಳಗೆ ತರಬೇಡವ್ವಾ. ಮಕ್ಕಳುಮರಿ ಎಲ್ಲಾ ಬಂದು ಕೂರ್ತವೆ."

ಆದರೆ ಆ ಊರ ಪದ್ಧತಿಯಂತೆ ಹೂಳುವ ಹಿಂದಿನ ರಾತ್ರಿ ಸತ್ತವರು ತಮ್ಮ ಸೂರಿನ ಕೆಳಗೆ ಮಲಗಲೇಬೇಕು. ಊರೇ ಒಳಗೆ ಕೂತು ಜಾಗರಣೆ ಮಾಡಬೇಕು. ಶುಕ್ರವಾರ ಮಧ್ಯಾಹ್ನ ಶವಾಗಾರದಿಂದ ಪೆಟ್ಟಿಗೆ ಬಂದಾಗ ಕೆದಿಬೊನ್ಯೆ ಸೌದೆ ತುಂಡು ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು. ಸತ್ತವನ ಸೋದರಮಾವ, ಅವಳ ಅಣ್ಣ ಮೊವಾಬಿ, ಮುಂದೆ ಬಂದ.

"ಮೇಸ್ತ್ರಿ ಕಾಲು ಮುರಿದವಳು ಅಂತ ನನ್ನ ಹತ್ರ ಮೆರೀಬೇಡ. ನಮ್ಮ ಹುಡುಗ ಏನು ಬೀದಿನಾಯಿನಾ, ಅಂಗಳದಲ್ಲಿ ಮಲಗಿಸೋಕೆ? ದಾರಿ ಬಿಡು."

ಅವಳು ಕದಲಲಿಲ್ಲ. ಮೊವಾಬಿ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. ಕೂದಲು ಹಿಡಿದು ಎಳೆದ. ಅವಳು ಅಣ್ಣನ ಮೊಣಕಾಲಿಗೆ ಬೀಸಿದ ಏಟಿಗೆ ಅವನು ಕುಸಿದ. ಪೆಟ್ಟಿಗೆ ಹೊತ್ತವರು ಮುಗ್ಗರಿಸಿ ಪೆಟ್ಟಿಗೆಯ ಮೂಲೆ ಗೋಡೆಗೆ ಬಡಿಯಿತು. ಗಾರೆ ಚಕ್ಕೆ ಚಕ್ಕೆಯಾಗಿ ಕಳಚಿ, ನೋಡುತ್ತಿದ್ದ ಮಕ್ಕಳ ತಲೆಯ ಮೇಲೆ ನೀಲಿ ಪುಡಿ ಉದುರಿತು.

"ಮಕ್ಕಳನ್ನ ದೂರ ಕರ್ಕೊಂಡು ಹೋಗಿ," ಎಂದು ಚೀರಿದಳು. ಬಾಯಿಯ ರಕ್ತ ಉಗಿದು, ಎಲ್ಲರಿಗೂ ಕೇಳುವಂತೆ ಹೇಳಿದಳು: "ನನ್ನ ಮಗನ್ನ ತಿಂದಿದ್ದು ಈ ಗೋಡೆ. ಈ ನಾರು. ಡಾಕ್ಟರು ಚಳಿಗಾಲಕ್ಕೆ ಮುಂಚೆನೇ ಹೇಳಿದ್ರು."

ಜನ ಗೋಡೆಯಿಂದ ಹಿಂದೆ ಸರಿದರು. ಎಲ್ಲರ ಮನೆಯ ಗೋಡೆಯೂ ಅದೇ ಅಲ್ಲವೇ.

ಪಕ್ಕದ ಮನೆಯ ದಿನೆಯೊ ಗುಂಪಿನಿಂದ ಹೊರಬಂದಳು. ಅವಳ ಮಗಳು ಹಸಿ ಬಾಣಂತಿ. ಕೂಸಿನೊಂದಿಗೆ ಕೋಣೆಯಿಂದ ಹೊರಗೆ ಬರುವಂತಿರಲಿಲ್ಲ.

"ಹೋದ ತಿಂಗಳು ನಮ್ಮ ಬಾಣಂತಿ ಕೋಣೆಗೆ ಗಾರೆ ಕಲಸಿಕೊಟ್ಟೆಯಲ್ಲ, ಅಕ್ಕಾ," ಎಂದಳು, ತೀರ ಮೆಲ್ಲಗೆ. "ಆಗ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಬೇಡ ಅನ್ನಲಿಲ್ಲ?"

"ಬೇಡ ಅಂದಿದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ."

ದಿನೆಯೊ ಅವಳ ಕತ್ತಿಗೇ ಕೈ ಹಾಕಿದಳು. ಕೆಳಗೆ ಕೆಡವಿ, ಎದೆಯ ಮೇಲೆ ಕೂತು ಮುಖ ಮೂತಿ ನೋಡದೆ ಗುದ್ದಿದಳು. ಕೆದಿಬೊನ್ಯೆ ಕೈ ಅಡ್ಡ ಹಿಡಿಯಲಿಲ್ಲ. ಬಿಡಿಸಲು ಯಾರೂ ಬರಲಿಲ್ಲ. ಹೆಂಗಸರೆಲ್ಲ ಆಗಲೇ ತಮ್ಮ ತಮ್ಮ ಮನೆಯ ಕಡೆ ಓಡುತ್ತಿದ್ದರು.